ಕತೆಗೆ ಅಂದ ಹೂಂ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ನಾನು ಎಸ್.ಎಸ್.ಎಲ್.ಸಿ. ಪಾಸಾದ ವಾರ, ಇಲವಾಲದ ಆಚೆಯ ನಮ್ಮೂರಿನಲ್ಲಿ, ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ, ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದರು: "ನಮ್ಮ ಪೈಕಿ ಗಂಡುಮಕ್ಳೇ ಮಿಡ್ಲ್ ಸ್ಕೂಲು ದಾಟಿಲ್ಲ. ಹೆಣ್ಣು ಬಿ.ಎ. ಓದೋದಾ? ನೀರಿನ ಮ್ಯಾಲೆ ಮನೆ ಕಟ್ಟಿದಂಗೆ ಅದು, ಬುಡು."

ದೊಡ್ಡಪ್ಪ ಕೆಟ್ಟವರಲ್ಲ. ನಮ್ಮಪ್ಪ ತೀರಿಕೊಂಡ ಮೇಲೆ ಅವ್ವನ ಮತ್ತು ನನ್ನ ಹೊಣೆ ಅವರ ಹೆಗಲಿಗೆ ಬಿದ್ದಿತ್ತು. ತಾನು ಗಟ್ಟಿಯಾಗಿರುವಾಗಲೇ ತಮ್ಮನ ಮಗಳನ್ನು ಒಂದು ದಡ ಸೇರಿಸಬೇಕು ಎನ್ನುವುದಷ್ಟೇ ಅವರ ಯೋಚನೆ. ಆದರೆ ನೀರಿನ ಮೇಲೆ ಮನೆ ಕಟ್ಟುವ ಬಗೆಯನ್ನು ಬಲ್ಲವರೊಬ್ಬರು ಲಕ್ಷ್ಮೀಪುರಂನ ಒಂದು ಹಿತ್ತಿಲ ಕಿಟಕಿಯ ಹಿಂದೆ ಕೂತಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ. ಅದಕ್ಕೆ ಸೋರೆಬುರುಡೆ ಬೇಕು. ಒಣಗಿಸಿ, ಬೀಜ ತೆಗೆದು, ಬಾಯಿಗೆ ಅರಗು ಮೆತ್ತಿ, ತೆಂಗಿನ ನಾರಿನ ಹಗ್ಗದಿಂದ ಒಂದಕ್ಕೊಂದು ಬಿಗಿಯಬೇಕು. ಅದರ ಮೇಲೆ ಬಿದಿರಿನ ತೆಪ್ಪ. ತೆಪ್ಪದ ಮೇಲೆ ಗಂಧದ ಕಂಬ. ಕಂಬದ ಮೇಲೆ ಅರಮನೆ.

ಬೀದಿಯವರೆಲ್ಲ ಅವರನ್ನು ಅಜ್ಜಮ್ಮ ಎನ್ನುತ್ತಿದ್ದರು. ಹೆಸರು ಬೇರೆ ಇತ್ತು. ಬರೆಯುವುದಿಲ್ಲ, ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಸರಿಬರುತ್ತಿರಲಿಲ್ಲ. ಈ ಮಾಘದಲ್ಲಿ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿಯಿತು. ನಾನು ಪಾಠ ಹೇಳುವ ಊರಿನಿಂದ ಬಂದು ನೋಡುವಷ್ಟರಲ್ಲಿ ಅವರ ಕೋಣೆಗೆ ಸುಣ್ಣ ಬಳಿದು, ಕಿಟಕಿಗೆ ಹಸಿರು ಬಣ್ಣ ಹಚ್ಚಿದ್ದರು.

ಆ ಮನೆತನ ಅರಮನೆಯ ಸೇವೆಯಲ್ಲಿದ್ದದ್ದು. ಅಜ್ಜಮ್ಮನ ಅಜ್ಜಿ ಅಂತಃಪುರದ ಮಕ್ಕಳಿಗೆ ಕತೆ ಹೇಳುವ ಕೆಲಸದಲ್ಲಿದ್ದರಂತೆ. ಅಜ್ಜಮ್ಮ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಣ್ಣ ಹೋಗಿ, ಅಣ್ಣನ ಮಗ ಯಜಮಾನನಾಗಿ, ಸ್ವರಾಜ್ಯ ಬಂದು, ಮನೆಯ ಗಂಡಸರು ಅರಮನೆಯಿಂದ ಸರ್ಕಾರಿ ಕಚೇರಿಗಳಿಗೆ ದಾಟಿಕೊಂಡರು. ಅಜ್ಜಮ್ಮ ಮಾತ್ರ ಹಿಂಬದಿಯ ಕೋಣೆಯಲ್ಲೇ ಉಳಿದರು. ನಮ್ಮವ್ವ ಆ ಮನೆಯ ಹಸುಗಳನ್ನು ನೋಡಿಕೊಳ್ಳುತ್ತಿದ್ದಳು. ಕೊಟ್ಟಿಗೆಯ ಪಕ್ಕದ ಹೆಂಚಿನ ಕೋಣೆಯಲ್ಲಿ ನಮ್ಮ ವಾಸ. ಅಜ್ಜಮ್ಮನ ಕಿಟಕಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲು. ಆ ಕಲ್ಲೇ ನನ್ನ ಪೀಠ. ಸ್ಕೂಲಿನಿಂದ ಬಂದವಳು ಅಲ್ಲಿ ಕೂತು ಓದುತ್ತಿದ್ದೆ, ಬರೆಯುತ್ತಿದ್ದೆ, ಅವರು ಕರೆದರೆ ಕತೆ ಕೇಳುತ್ತಿದ್ದೆ.

ಒಳಗೆ ಅವರು ಹತ್ತಿ ಹೊಸೆದು ಹೂಬತ್ತಿ ಮಾಡುತ್ತಿದ್ದರು. ಕತೆ ಸಲೀಸಾಗಿ ಹೋಗುವಾಗ ಬೆರಳೂ ಸಲೀಸಾಗಿ ಓಡುತ್ತಿತ್ತು. ಬೆರಳು ನಿಂತಿತೆಂದರೆ ಕತೆಯಲ್ಲಿ ಏನೋ ಕೇಡು ಬರುತ್ತಿದೆ ಎಂದು ನಾನು ಮೊದಲೇ ಎದೆ ಗಟ್ಟಿಮಾಡಿಕೊಳ್ಳುತ್ತಿದ್ದೆ.

ಕತೆ ಒಂದೇ. ಒಂದು ದೊಡ್ಡ ಮಡುವಿನ ಮೇಲೆ ತೇಲುವ ಅರಮನೆ. ಹಗಲು ಅದು ಜನರ ಮಾತಿನ ಮೇಲೆ ತಾನಾಗಿ ತೇಲುತ್ತದೆ. ಕತ್ತಲಾದ ಮೇಲೆ ಮಾತು ನಿಲ್ಲುತ್ತದಲ್ಲ, ಆಗ ಒಬ್ಬರು ಕತೆ ಹೇಳಬೇಕು, ಒಬ್ಬರಾದರೂ ಎದ್ದಿದ್ದು ಹೂಂಗುಟ್ಟಬೇಕು. ಹೂಂ ನಿಂತರೆ ಮುಳುಗುತ್ತದೆ. ಅದರೊಳಗಿನ ಮಾಯದ ಸಾಮಾನು ಎಲ್ಲ ನನಗೆ ಇಂದಿಗೂ ಬಾಯಿಪಾಠ. ಒಂದು ಬಾಚಣಿಗೆ: ಅದರಲ್ಲಿ ತಲೆ ಬಾಚಿದರೆ ಮನಸ್ಸಿನ ಚಿಂತೆ ಸೀರಿನ ಹಾಗೆ ಉದುರುತ್ತದೆ. ಒಂದು ಕನ್ನಡಿ: ನೋಡಿದರೆ ನಮ್ಮ ಮುಖ ಕಾಣುವುದಿಲ್ಲ, ಆ ಗಳಿಗೆಯಲ್ಲಿ ನಮ್ಮನ್ನು ನೆನೆಯುತ್ತಿರುವವರ ಮುಖ ಕಾಣುತ್ತದೆ. ಸುಳ್ಳು ಕೇಳಿದರೆ ಆರಿಹೋಗುವ ದೀಪ. ಇನ್ನು ಒಂದು ತಾಮ್ರದ ಗಿಂಡಿ. ಯಾವ ನೀರು ತುಂಬಿದರೂ ಕುಡಿಯುವವರಿಗೆ ಹುಟ್ಟಿದೂರಿನ ಬಾವಿಯ ರುಚಿ ಕೊಡುವಂಥದು.

ನಿನಗೆ ಯಾವುದು ಬೇಕು ಎಂದು ಎಲ್ಲರನ್ನೂ ಕೇಳುತ್ತಿದ್ದರು. ಅವ್ವ ಸಗಣಿ ಬಾಚುತ್ತ, "ನಂಗೆ ಬಾಚಣಿಗೆ ಕೊಡ್ಸಿ ಅಮ್ಮಾವ್ರೆ, ಮಿಕ್ಕಿದ್ದು ನೀವೇ ಮಡೀಕಳಿ" ಅಂದಿದ್ದಳು. ಅಜ್ಜಮ್ಮನಿಗೆ ಗಿಂಡಿಯೇ ಬೇಕಾಗಿತ್ತು. ಯಾಕೆ, ನೀವು ಹುಟ್ಟಿದ ಊರಲ್ಲೇ ಇದ್ದೀರಲ್ಲ ಎಂದು ಕೇಳಿದೆ. "ಊರಲ್ಲಿದ್ದೀನಿ. ನಮ್ಮ ಬಾವಿ ಮುಚ್ಚಿ ನಲ್ಲಿ ಹಾಕಿಸಿದಾರಲ್ಲ" ಎಂದರು.

ಕೊನೆಗೆ ಅರಮನೆ ಮುಳುಗಿತು. ಎಲ್ಲರೂ ನಿದ್ದೆಹೋಗಿ, ಒಬ್ಬ ದಾಸಿ ಹುಡುಗಿ ಮಾತ್ರ ಹೂಂಗುಡುತ್ತಿದ್ದಳು. ಅವಳಿಗೂ ಜೋಂಪು ಹತ್ತಿ, ಕೇಳಿಸಿಕೊಳ್ಳದೆಯೇ ಹೂಂ ಅಂದಳು. ಅರಮನೆಗೆ ಅದು ತಿಳಿಯಿತು. ಸಾಮಾನು ಏನಾಯಿತು? ನೀರಿನ ತಳ ಸೇರಿತೋ, ಯಾರಾದರೂ ಎತ್ತಿಕೊಂಡು ಹೋದರೋ? ಅಜ್ಜಮ್ಮ ಹೇಳುತ್ತಿರಲಿಲ್ಲ. ಅಲ್ಲಿಯವರೆಗೆ ಹೇಳಿ ಅವರ ಅಜ್ಜಿ ಜ್ವರದಲ್ಲಿ ಮಲಗಿದವರು ಏಳಲಿಲ್ಲ.

"ನೀವೇ ಏನಾದ್ರೂ ಸೇರ್ಸಿ ಹೇಳಿ ಅಜ್ಜಮ್ಮ" ಎಂದು ಪೀಡಿಸುತ್ತಿದ್ದೆ.

"ಗೊತ್ತಿಲ್ಲದ್ದನ್ನ ಹೇಳಬಾರದು ಕಣಮ್ಮ."

"ಕತೇನೇ ಸುಳ್ಳಲ್ವಾ?"

"ಕತೆ ಸುಳ್ಳಿರಬಹುದು. ನಾನು ಹೇಳೋದು ಸುಳ್ಳಾಗಬಾರದು."

ಒಮ್ಮೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅವರ ಕೈಹಿಡಿದು ನಡೆಸಿಕೊಂಡು ಹೋಗಿದ್ದೆ. ಮುಳುಗಿದ್ದು ಇದೇ ಕೆರೆಯಲ್ಲೇ ಇರಬಹುದಾ ಎಂದು ಕೇಳಿದೆ. ನೀರನ್ನು ಅಳೆಯುವವರ ಹಾಗೆ ನೋಡಿ, "ಛೆ, ಇದು ಈಚೆಗೆ ಕಟ್ಟಿಸಿದ ಕೆರೆ. ನಮ್ಮ ಅರಮನೆ ಇದಕ್ಕಿಂತ ಹಳೇದು" ಎಂದು ಮುಂದೆ ನಡೆದರು.

ಕಿವಿ ಮಂದ ಅವರಿಗೆ. ಹಾಗಾಗಿ ಕತೆ ಕೇಳುವವರು ಮೆಲ್ಲಗೆ ಹೂಂ ಅಂದರೆ ಒಪ್ಪುತ್ತಿರಲಿಲ್ಲ. "ಗಟ್ಟಿಯಾಗಿ ಹೂಂ ಅನ್ನು, ಮುಳುಗಿಸ್ತೀಯಾ?" ಎಂದು ಗದರುತ್ತಿದ್ದರು. ಮೂರು ಮನೆಯಾಚೆಗೂ ನನ್ನ ಹೂಂ ಕೇಳುತ್ತಿತ್ತು. "ಕತೆ ಕೇಳ್ತೀಯೋ, ಎಮ್ಮೆ ಅಟ್ತೀಯೋ?" ಎಂದು ಅವ್ವ ನಗುತ್ತಿದ್ದಳು.

ಆ ಗಟ್ಟಿ ಹೂಂ ಒಂದು ದಿನ ನನ್ನ ಕೊರಳಿಗೆ ಬಂತು.

ನಾನು ಎಸ್.ಎಸ್.ಎಲ್.ಸಿ. ಪಾಸಾದ ಅದೇ ಬೇಸಿಗೆ. ಕಾಲೇಜಿನ ಅರ್ಜಿ ತಂದಿಟ್ಟುಕೊಂಡಿದ್ದೆ. ಮಧ್ಯಾಹ್ನ ಅಜ್ಜಮ್ಮ ಕನ್ನಡಿಯ ಭಾಗ ಹೇಳುತ್ತಿದ್ದರು. ರಾಜ ಆ ದಾಸಿ ಹುಡುಗಿಯನ್ನು ಕರೆದು, ಕನ್ನಡಿ ನೋಡುತ್ತೀಯಾ ಎಂದು ಕೇಳುತ್ತಾನೆ. ನಾನು ಹೂಂ ಅಂದೆ. ಗೋಡೆಯಾಚೆ ಕೊಟ್ಟಿಗೆಯ ಬಳಿ ದೊಡ್ಡಪ್ಪ ಬಂದು ನಿಂತದ್ದು ನನಗೆ ಗೊತ್ತಿಲ್ಲ. ಊರಿನ ಪಕ್ಕದ ಹಳ್ಳಿಯ ಒಂದು ಸಂಬಂಧದ ಮಾತನ್ನು ಅವ್ವನಿಗೆ ಹೇಳಿ, ಹುಡುಗಿಯನ್ನೂ ಒಂದು ಮಾತು ಕೇಳಿಬಿಡೋಣ ಎಂದು, ಗೋಡೆಯ ಮೇಲಿಂದ ಕೂಗಿದ್ದರು: "ಏನವ್ವಾ, ಗಂಡು ನೋಡಿವ್ನಿ, ಒಪ್ಪಿಗೇನಾ ನಿಂಗೆ?"

ನಮ್ಮ ವಂಶದಲ್ಲಿ ಹೆಣ್ಣಿನ ಒಪ್ಪಿಗೆ ಕೇಳಿದ ಮೊದಲ ಯಜಮಾನರು ಅವರೇ ಇರಬೇಕು. ಉತ್ತರ ಅವರಿಗೆ ಸಿಕ್ಕಿತು.

"ಎಂಗ್ ಗಟ್ಟಿಯಾಗ್ ಅಂದ್ಲು ನೋಡು. ನಾಚ್ಕೆ ಬೇಡ್ವಾ?" ಎಂದು ಖುಷಿಯಲ್ಲಿ ಟವೆಲು ಕೊಡವಿಕೊಂಡು ಹೊರಟರಂತೆ. ಸಂಜೆ ಅವ್ವ ಹೇಳುವ ಹೊತ್ತಿಗೆ ಅವರು ಊರು ಸೇರಿ, ಗಂಡಿನ ಮನೆಗೆ ಮಾತು ಕೊಟ್ಟಾಗಿತ್ತು. ಬರುವ ಶುಕ್ರವಾರ ವೀಳ್ಯ ಬದಲಾಯಿಸುವುದು.

"ನಾನು ದೊಡ್ಡಪ್ಪನಿಗೆ ಅನ್ಲಿಲ್ಲ ಕಣವ್ವ, ಕತೆಗೆ ಅಂದೆ" ಎಂದು ಅತ್ತೆ.

"ಬಾಯಿಂದ ಬಂದದ್ದು ಬಂತಲ್ಲ ಮಗ. ದೊಡ್ಡೋರು ಮಾತು ಕೊಟ್ಬುಟ್ಟವ್ರೆ. ಹುಡುಗ ಒಳ್ಳೇನಂತೆ" ಎಂದು ಅವ್ವ ನನ್ನ ತಲೆ ನೇವರಿಸಿದಳು. ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ. ಗಂಡಿಲ್ಲದ ಹೆಂಗಸು ಭಾವನ ಮಾತು ಮೀರಿ ಎಲ್ಲಿಗೆ ಹೋದಾಳು?

ಮರುದಿನ ಕಿಟಕಿಗೆ ಬಾಯಿಟ್ಟು ಅಜ್ಜಮ್ಮನಿಗೆ ಎಲ್ಲ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವರು ಹತ್ತಿಯನ್ನು ಬುಟ್ಟಿಗೆ ಹಾಕಿದರು.

"ಯಾವ ಜಾಗದಲ್ಲಿ ಅಂದೆ?"

"ಕನ್ನಡಿ ಜಾಗದಲ್ಲಿ."

"ಅದು ನನಗೆ ಅಂದದ್ದು" ಎಂದರು. "ನನ್ನ ಹೂಂ ಅವರು ಹೇಗೆ ತಗೊಂಡು ಹೋಗ್ತಾರೆ?"

ಹಿತ್ತಿಲಲ್ಲಿ ಬೆಳಗಿಟ್ಟ ಚೊಂಬನ್ನು ಯಾರೋ ಎತ್ತಿಕೊಂಡು ಹೋದರು ಎನ್ನುವ ಹಾಗಿತ್ತು ಆ ಧ್ವನಿ. ದೇವಸ್ಥಾನ ಬಿಟ್ಟರೆ ಎಲ್ಲೂ ಹೋಗದ ಆ ಹೆಂಗಸು ಬುಧವಾರ ಬೆಳಿಗ್ಗೆ ಅಣ್ಣನ ಮಗನಿಗೆ ಒಂದೇ ಮಾತು ಹೇಳಿ, ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹುಣಸೂರು ರಸ್ತೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬಸ್ಸಿಳಿದು, ಗದ್ದೆಯ ಬದುವಿನ ಮೇಲೆ ನಡೆಯುವಾಗ ನನ್ನ ಹೆಗಲಿಗೆ ಕೈಕೊಟ್ಟರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಕೆರೆ ಏರಿಯ ಮೇಲೆ ಒಮ್ಮೆ, ಇಲ್ಲೊಮ್ಮೆ.

ಜಗಲಿಯ ಮೇಲೆ ಅವರನ್ನು ಕಂಡು ದೊಡ್ಡಪ್ಪ ಗಾಬರಿಯಾದರು. ಚಾಪೆ ಹಾಸಿದರು. ಅವರಿಗೆ ಏನು ಕೊಡಬಹುದು, ಏನು ಕೊಡಬಾರದು ಎನ್ನುವುದು ದೊಡ್ಡಪ್ಪನಿಗೆ ಗೊತ್ತಿತ್ತು. ಎಳನೀರು ಕೆತ್ತಿಸಿ ಕಾಯಿಸಮೇತ ಮುಂದಿಟ್ಟರು. ಅಜ್ಜಮ್ಮ ಅದನ್ನು ಪೂರ್ತಿ ಕುಡಿದರು.

"ಗೌಡ್ರೆ, ನಿಮಗೊಂದು ಕತೆ ಹೇಳೋಣ ಅಂತ ಬಂದೆ."

ದೊಡ್ಡಪ್ಪ ಅವ್ವನ ಮುಖ ನೋಡಿದರು. ಅವ್ವ ನೆಲ ನೋಡಿದಳು. "ಆಗ್ಲಿ, ಏಳಿ ಅಮ್ಮಾವ್ರೆ" ಎಂದರು.

ಅಜ್ಜಮ್ಮ ಗೋಡೆ ಹಿಡಿದು ಏಳಲು ಹೊರಟರು.

"ಏಳಿ ಅಂದ್ರೆ ಹೇಳಿ ಅಂತ, ಅಜ್ಜಮ್ಮ" ಎಂದು ಕಿವಿಯ ಹತ್ತಿರ ಕೂಗಿದೆ. ಬಾಗಿಲಲ್ಲಿದ್ದ ದೊಡ್ಡವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅಜ್ಜಮ್ಮ ಮತ್ತೆ ಕೂತು ಶುರುಮಾಡಿದರು. ಸೋರೆಬುರುಡೆಯಿಂದ ಹಿಡಿದು ಒಂದನ್ನೂ ಬಿಡದೆ ಹೇಳಿದರು. ದೊಡ್ಡಪ್ಪ ಮೊದಮೊದಲು ಮರ್ಯಾದೆಗೆ ಊಂ ಅನ್ನುತ್ತಿದ್ದರು. ನಮ್ಮ ಕಡೆಯ ನಾಲಿಗೆಯಲ್ಲಿ ಹೂಂ ಎನ್ನುವುದು ಊಂ.

"ಗಟ್ಟಿಯಾಗಿ ಅನ್ನಿ ಗೌಡ್ರೆ, ನನಗೆ ಕಿವಿ ಕೇಳಿಸಲ್ಲ."

ದೊಡ್ಡಪ್ಪ ಗಟ್ಟಿಯಾಗಿ ಅಂದರು. ಹಾಗೆ ಅನ್ನುತ್ತ ಅನ್ನುತ್ತ ಕತೆ ಅವರನ್ನು ಹಿಡಿಯಿತು. ಎಲೆ ಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಯಿತು. ಮೊಣಕಾಲ ಮೇಲೆ ಗಲ್ಲ ಊರಿದರು. ಗಿಂಡಿಯ ಭಾಗ ಬಂತು.

"ರಾಜ ಮಡುವಿನ ನೀರು ಮೊಗೆದು ಕುಡಿದ."

"ಊಂ."

"ಹುಟ್ಟಿದೂರಿನ ಬಾವಿ ನೀರಿನ ರುಚಿ ಬಂತು. ಕಣ್ಣಲ್ಲಿ ನೀರು ಬಂತು."

"ಊಂ."

"ನಲವತ್ತು ವರ್ಷದಿಂದ ಆ ಕಡೆ ಹೋಗಿರಲಿಲ್ಲ ಅವನು."

"ಊಂ."

"ಕೆರೆ ಕೆಳಗಿನ ನಿಮ್ಮ ಗದ್ದೆ ನನಗೆ ಬರೆದುಕೊಟ್ಟಿರಿ."

"ಊಂ."

ಅಜ್ಜಮ್ಮ ನಿಲ್ಲಿಸಿದರು. ಹಟ್ಟಿಯ ಕಡೆ ಕೋಳಿಗಳು ಕೆದಕುವ ಸದ್ದು ಮಾತ್ರ ಇತ್ತು. ದೊಡ್ಡಪ್ಪ ಮುಂದಿನ ಮಾತಿಗೆ ಕಾಯುತ್ತಿದ್ದವರು ಮೆಲ್ಲಗೆ ತಲೆ ಎತ್ತಿದರು.

"ಏನಂದ್ರಿ?"

"ಗದ್ದೆ ಕೊಟ್ಟಿರಿ ಅಂದೆ. ನೀವು ಹೂಂ ಅಂದ್ರಿ. ಗಟ್ಟಿಯಾಗೇ ಅಂದ್ರಿ, ಇಷ್ಟು ಜನ ಕೇಳಿದಾರೆ."

"ಅದು ಕತೆಗೆ ಅಂದ ಊಂ ಕಣ್ರಮ್ಮ" ಎಂದರು ದೊಡ್ಡಪ್ಪ. "ನೀವು ಏಳ್ತಾ ಇದ್ರಿ, ನಾನು ಊಂಗುಟ್ತಾ ಇದ್ದೆ. ಅಷ್ಟಕ್ಕೇ ಗದ್ದೆ ಕೊಟ್ಟಂಗಾಯ್ತದಾ?"

ಅಜ್ಜಮ್ಮ ನನ್ನ ಕಡೆ ನೋಡಿದರು. ದೊಡ್ಡಪ್ಪನೂ ಅವರ ಕಣ್ಣು ಹೋದ ಕಡೆಗೇ ನೋಡಿದರು. ತುಂಬ ಹೊತ್ತು ನೋಡಿದರು. ನಾನು ಕಂಬಕ್ಕೆ ಅಂಟಿಕೊಂಡು ನಿಂತಿದ್ದೆ.

"ಅವತ್ತು ಇವಳೂ ನನಗೇ ಅಂದದ್ದು" ಎಂದರು ಅಜ್ಜಮ್ಮ. "ಈಗ ಕತೆ ನಿಲ್ಲಿಸಿದೀನಿ. ಈಗ ಇವಳನ್ನ ಕೇಳಿ."

"ಏನವ್ವ?" ಎಂದು ದೊಡ್ಡಪ್ಪ ಕೇಳಿದರು.

ಗಟ್ಟಿಯಾಗಿ ಹೂಂ ಅನ್ನುವ ಗಂಟಲು ಆಗ ಕೈಕೊಟ್ಟಿತು. "ನಾನು ಓದ್ತೀನಿ ದೊಡ್ಡಪ್ಪ" ಎಂದೆ. ಅಜ್ಜಮ್ಮನಿಗೆ ಕೇಳಿಸುವಷ್ಟು ಗಟ್ಟಿಯಾಗಿರಲಿಲ್ಲ. ದೊಡ್ಡಪ್ಪನಿಗೆ ಕೇಳಿಸಿತು.

"ಕೊಟ್ಟ ಮಾತಿಗೆ ಏನ್ ಮಾಡ್ಲಿ? ಅವ್ರ ಮನೇಗೋಗಿ ಏನಂತ ಏಳ್ಲಿ?"

"ನಡೆದದ್ದನ್ನೇ ಹೇಳಿ."

"ನಗ್ತಾರೆ."

"ನಗಲಿ" ಎಂದರು ಅಜ್ಜಮ್ಮ.

ಹೊರಡುವಾಗ ದೊಡ್ಡಪ್ಪ ಬದುವಿನವರೆಗೂ ಬಂದರು. ಸಂಕೋಚದಿಂದ, "ಆ ಗಿಂಡಿ ಏನಾಯ್ತು ಅಮ್ಮಾವ್ರೆ?" ಎಂದು ಕೇಳಿದರು. ಗೊತ್ತಿಲ್ಲ ಎಂದರು ಅಜ್ಜಮ್ಮ. ಅಜ್ಜಿ ತೀರಿಕೊಂಡದ್ದನ್ನು ಹೇಳಿದರು. ಗದ್ದೆ ಹೋಯಿತೆಂದು ಕೇಳಿದಾಗಲೂ ಆಗದಷ್ಟು ನಿರಾಸೆ ದೊಡ್ಡಪ್ಪನ ಮುಖದಲ್ಲಿ ಆಗ ಕಂಡಿತು.

ಗಂಡಿನ ಮನೆಯವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ದೊಡ್ಡಪ್ಪ ಒಬ್ಬರೇ ಹೋಗಿ, ಅವರ ಅಂಗಳದಲ್ಲಿ ನಿಂತು, ನಡೆದದ್ದನ್ನು ನಡೆದ ಹಾಗೆ ಹೇಳಿ ಬಂದರು. ಕತೆಯ ನೆಪ ಹೇಳಿ ಮಾತು ಮುರಿದ ಗೌಡ ಎಂದು ಆ ಕಡೆಯ ನಾಲ್ಕು ಹಳ್ಳಿಯಲ್ಲಿ ಅವರಿಗೆ ಹೆಸರಾಯಿತು. ಸಂತೆಯಲ್ಲಿ ಆ ಮನೆಯವರು ಎದುರಾದರೆ ಮುಖ ತಿರುಗಿಸುತ್ತಿದ್ದರು. ನ್ಯಾಯ ಪಂಚಾಯ್ತಿಗೆ ದೊಡ್ಡಪ್ಪನನ್ನು ಕರೆಯುವುದು ಕಡಿಮೆಯಾಯಿತು. ಇದೆಲ್ಲ ನನಗೆ ತಿಳಿದದ್ದು ದೊಡ್ಡವ್ವನಿಂದ. ದೊಡ್ಡಪ್ಪ ನನ್ನೆದುರು ಒಂದು ಸಲವೂ ಆ ಮಾತು ಆಡಲಿಲ್ಲ. "ಓದ್ತೀನಿ ಅಂದಿದೀಯ, ಓದು. ಆಗಾಕಿಲ್ಲ, ಆದ್ರೂ ಓದು" ಎಂದಷ್ಟೇ ಹೇಳಿದ್ದರು.

ಓದಿದೆ. ಸುಲಭವಾಗಿರಲಿಲ್ಲ. ಇಂಟರ್‌ಮೀಡಿಯೆಟ್ಟಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೇಷ್ಟ್ರು ನಗೆಚಾಟಿಕೆ ಮಾಡಿದಾಗ ಎಲ್ಲರೂ ನಕ್ಕ ಮೇಲೆ ನಾನು ನಗುತ್ತಿದ್ದೆ. ಮೊದಲ ಸಲ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ಆ ದಿನ ಕಲ್ಲಿನ ಮೇಲೆ ಕೂತು ಸೀರೆಯ ಅಂಚು ಕಚ್ಚುತ್ತಿದ್ದಾಗ ಅಜ್ಜಮ್ಮ ಸಮಾಧಾನ ಹೇಳಲಿಲ್ಲ. "ಎಲ್ಲಿಗೆ ನಿಂತಿತು?" ಎಂದು ಕೇಳಿದರು. ಕತೆ ಅರ್ಧಕ್ಕೆ ನಿಂತ ಮರುದಿನ ಕೇಳುವ ಹಾಗೆಯೇ. ವ್ಯಾಕರಣದ ಪ್ರಶ್ನೆಪತ್ರಿಕೆಯಲ್ಲಿ ಎಂದೆ. "ಹಾಗಾದರೆ ಅಲ್ಲಿಂದ ಎತ್ತಿಕೋ" ಎಂದರು. ಸೆಪ್ಟೆಂಬರಿನಲ್ಲಿ ಪಾಸಾದೆ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯಬೇಕು. ಅಷ್ಟು ವರ್ಷ ನಾನು ಆ ಕಿಟಕಿಯ ಹೊರಗೇ ಕೂತಿದ್ದೆ. ಅವರು ಒಳಗೆ ಬಾ ಅನ್ನಲಿಲ್ಲ. ಬಾಳೆಹಣ್ಣು ಕೊಟ್ಟರೆ ಸರಳಿನ ನಡುವೆ ಕೈಗೆ ತಾಕದ ಹಾಗೆ ಕೊಡುತ್ತಿದ್ದರು. ನನಗಾಗಿ ಗದ್ದೆಯ ಬದು ತುಳಿದವರು ತಮ್ಮ ಹೊಸಿಲನ್ನು ನನಗೆ ಬಿಟ್ಟುಕೊಡಲಿಲ್ಲ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅವರ ಕತೆಯ ದೀಪ ಆರೀತು. ನನಗೆ ಅವರ ಮೇಲೆ ಕೋಪವಿತ್ತೇ ಎಂದರೆ, ಇತ್ತು. ಕಾಲೇಜಿಗೆ ಹೋದ ಮೇಲೆ ಹೆಚ್ಚಾಯಿತು. ಒಂದು ತಿಂಗಳು ಆ ಕಲ್ಲಿನ ಹತ್ತಿರ ಸುಳಿಯಲಿಲ್ಲ. ಅವರು ಕರೆಯಲೂ ಇಲ್ಲ. ಕಡೆಗೆ ನಾನೇ ಹೋಗಿ ಕೂತೆ. ಕತೆ ಬಿಟ್ಟ ಜಾಗ ಅವರಿಗೆ ನೆನಪಿತ್ತು.

ಕೊನೆಕೊನೆಗೆ ಕಿವಿ ಪೂರ್ತಿ ಹೋಯಿತು. ಆಗಲೂ ತಲೆಯಾಡಿಸಿದರೆ ಒಪ್ಪುತ್ತಿರಲಿಲ್ಲ. ನನ್ನ ಗಂಟಲಿನ ಮೇಲೆ ಕಣ್ಣು ನೆಟ್ಟು, ಅದು ಅಲುಗಿದ್ದನ್ನು ಕಂಡು ಮುಂದುವರಿಯುತ್ತಿದ್ದರು.

ಘಟಿಕೋತ್ಸವದ ದಿನ ಬಾಡಿಗೆಯ ಗೌನು ವಾಪಸು ಕೊಟ್ಟು, ಪದವಿಪತ್ರವನ್ನು ಸುರುಳಿ ಸುತ್ತಿಕೊಂಡು ಮೊದಲು ಆ ಕಿಟಕಿಗೆ ಹೋದೆ. ಸರಳಿನ ನಡುವೆ ತೂರಿಸಿದೆ. ಬಿಚ್ಚಿ, ಅಕ್ಷರಗಳ ಮೇಲೆ ಬೆರಳಾಡಿಸದೆ, ದೂರ ಹಿಡಿದು ನೋಡಿದರು. ಇಂಗ್ಲಿಷು ಅವರಿಗೆ ಬಾರದು. "ಓದು" ಎಂದರು. ಕೇಳಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮೊದಲಿನಿಂದ ಕೊನೆಯವರೆಗೆ ಓದಿದೆ. ನನ್ನ ಗಂಟಲನ್ನೇ ನೋಡುತ್ತ ಒಂದೊಂದು ಸಾಲಿಗೂ ಅವರು ಹೂಂ ಅಂದರು.

ಆಮೇಲೆ ಸುರುಳಿ ಸುತ್ತಿ ಹೊರಗೆ ಚಾಚಿದರು. "ಮೊದಲು ಅಲ್ಲಿಗೆ ಹೋಗಬೇಕಿತ್ತು" ಎಂದು ಗದರಿದರು. "ಬಸ್ಸಿದೆಯಾ ಈಗ?"

ಬಸ್ಸಿತ್ತು. ನಾನು ಊರು ಮುಟ್ಟಿದಾಗ ದೊಡ್ಡಪ್ಪ ಎತ್ತಿಗೆ ಹುಲ್ಲು ಕತ್ತರಿಸುತ್ತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ಕಂಡು, ಏನೂ ಕೇಳದೆ ಬಚ್ಚಲಿಗೆ ಹೋಗಿ ಕೈ ತೊಳೆದು, ಟವೆಲಿನಲ್ಲಿ ಬೆರಳಿನ ಸಂದಿಯನ್ನೂ ಒರೆಸಿಕೊಂಡು ಬಂದರು. ಎರಡು ಕೈಯಲ್ಲೂ ಕೊಟ್ಟೆ. ಎರಡು ಕೈಯಲ್ಲೂ ತೆಗೆದುಕೊಂಡರು.

"ಮಡಚಬೌದಾ ಇದ್ನ?"

"ಮಡಚಬಾರ್ದು ದೊಡ್ಡಪ್ಪ."

ಅದನ್ನು ಹಿಡಿದುಕೊಂಡೇ ಒಳಗೆ ಹೋದರು. ಮನೆಯ ಪತ್ರಗಳನ್ನೆಲ್ಲ ಅಂಗೈ ಅಗಲಕ್ಕೆ ಮಡಚಿಟ್ಟ ಮರದ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು, ಹಾಕಿದ ಸದ್ದು ಕೇಳಿಸಿತು. ಹೊರಗೆ ಬಂದು, ಪತ್ರವನ್ನು ಎದೆಯ ಮಟ್ಟಕ್ಕೆ ಹಿಡಿದು ಬಾಗಿಲಲ್ಲೇ ನಿಂತರು.

"ಇದು ಇಡಿಯೋ ಪೆಟ್ಗೆ ನಮ್ಮನೇಲಿಲ್ವಲ್ಲ ಮಗ" ಎಂದರು.